ಹಡಗು ಹತ್ತುವ ಮುಂಚೆ

ಮೈಲಾಪುರದಲ್ಲಿ ಬಿಡಾರ ಮಾಡಿಕೊಂಡಿರುವವರಿಗೆ ಸಮುದ್ರವೇನೂ ಹೊಸದಲ್ಲ. ಕಪಾಲೀಶ್ವರನ ಕೊಳದ ಮೆಟ್ಟಿಲಿನಿಂದೆದ್ದು ಕಚೇರಿ ರಸ್ತೆ ಹಿಡಿದು ಪೂರ್ವಕ್ಕೆ ನಡೆದರೆ ಸಾಂತೋಮ್, ಅದರಾಚೆ ಮರಳು, ಮರಳಿನಾಚೆ ನೀರು. ಸಂಜೆಯ ಗಾಳಿಗೆಂದು ಹೋಗಿ, ಮಕ್ಕಳಿಗೆ ಸುಂಡಲ್ ಕೊಡಿಸಿ, ಕಾಲಿಗೆ ಹತ್ತಿದ ಮರಳು ಕೊಡವಿಕೊಂಡು ಬರುವ ಈ ಸಮುದ್ರದ ಮೇಲೆ ನಾವೂ ಒಂದು ದಿನ ತೇಲಿಹೋಗಬಹುದೆಂದು ನಮ್ಮ ಮನೆಯಲ್ಲಿ ಯಾರೂ ಎಣಿಸಿದವರಲ್ಲ. ಆದರೂ 2023ರ ಆಗಸ್ಟಿನಲ್ಲಿ ಹೋಗಿಬಂದೆವು. ಈಚೆಗೆ ಸಂಘದ ಕೂಟದಲ್ಲಿ ಸೇರಿದಾಗ ಇಬ್ಬರು ಮೂವರು, "ಹಡಗಿನ ಪ್ರಯಾಣಕ್ಕೆ ಏನೇನನ್ನು ಮುಂಚೆಯೇ ಗೊತ್ತುಮಾಡಬೇಕು?" ಎಂದು ಕೇಳಿದರು. ನಿಂತ ನಿಲುವಿನಲ್ಲಿ ಹೇಳಿ ಮುಗಿಯುವ ಮಾತಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಜಾಣತನದ ಜೊತೆಗೆ ನಮ್ಮ ಪೆದ್ದುತನವೂ ಇದರಲ್ಲಿ ಸೇರಿದೆ. ಯಾವುದು ಯಾವುದೆಂದು ವಾಚಕರೇ ಆರಿಸಿಕೊಳ್ಳಬೇಕು.

ಮುಂಬಯಿಯ ಕಂಪನಿಯೊಂದರ 'ಎಂಪ್ರೆಸ್' ಎಂಬ ಹಡಗು ಆ ವರ್ಷದ ಜೂನ್ 5ರಂದು ಚೆನ್ನೈಯಿಂದ ಸಿಂಹಳಕ್ಕೆ ಹೊರಟಿತು. ಕೇಂದ್ರ ಮಂತ್ರಿ ಸರ್ಬಾನಂದ ಸೋನೊವಾಲ್ ಅವರು ಬಂದು ಹಸಿರು ನಿಶಾನೆ ತೋರಿಸಿದರು. ಅದಕ್ಕೆಂದು ನಮ್ಮ ರೇವಿನಲ್ಲಿ 17 ಕೋಟಿ ರೂಪಾಯಿಗೂ ಮೇಲ್ಪಟ್ಟ ಖರ್ಚಿನಲ್ಲಿ ಪ್ರಯಾಣಿಕರ ಕಟ್ಟಡವೂ ಎದ್ದಿತ್ತು. ಹಡಗು ಫ್ರಾನ್ಸಿನಲ್ಲಿ ಕಟ್ಟಿದ್ದು, 1990ರದು. ಸುಮಾರು 48,500 ಟನ್ನಿನದು, 211 ಮೀಟರ್ ಉದ್ದ. ಪಡುವಣ ಕಡಲಿನಲ್ಲಿ ಮಳೆಗಾಲದ ಅಬ್ಬರ ನಡೆಯುವ ತಿಂಗಳುಗಳಲ್ಲಿ ಮೂಡಣ ಕಡಲು ಅಷ್ಟು ಕೆರಳಿರುವುದಿಲ್ಲ. ಸಿಂಹಳದ ಮೂಡಣ ಕರಾವಳಿಯಲ್ಲಂತೂ ಅದು ಒಣಹವೆಯ ಕಾಲ. ಅದಕ್ಕೇ ಈ ತಿಂಗಳುಗಳಲ್ಲಿ ಹಡಗು ಇತ್ತ ಬಂದದ್ದು. ಹಂಬನ್‌ತೋಟ, ತಿರುಕೋಣಮಲೆ, ಕಾಂಕೇಸನ್‌ತುರೈ, ಹೀಗೆ ಮೂರು ರೇವುಗಳ ಹೆಸರು ಪತ್ರಿಕೆಯಲ್ಲಿ ಅಚ್ಚಾಗಿತ್ತು. ಎರಡನೆಯ ಹೆಸರು ಅಮ್ಮನ ಕಣ್ಣಿಗೆ ಬಿತ್ತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಪ್ಪ ಉಡುಪಿಯ ಕಡೆಯಿಂದ ಬಂದು ಇಲ್ಲಿಯ ಒಂದು ಹೋಟೆಲಿನ ಗಲ್ಲಾದಲ್ಲಿ ಕುಳಿತವರು. ಮದುವೆಯಾಗಿ ಬಂದ ಹೊಸತರಲ್ಲಿ ಅಮ್ಮನಿಗೆ ತಮಿಳು ಬಾರದು, ನೆಂಟರಿಲ್ಲ. ದಿನವೂ ಸಂಜೆ ಕಪಾಲೀಶ್ವರನ ಗುಡಿಗೆ ಹೋಗಿ ಓದುವಾರರು ಹಾಡುವ ತೇವಾರವನ್ನು ಕೇಳುತ್ತ ಕೇಳುತ್ತಲೇ ಭಾಷೆ ಕಲಿತರು. ಏಳನೆಯ ಶತಮಾನದ ಜ್ಞಾನಸಂಬಂಧರು ನಮ್ಮ ಮೈಲಾಪುರದ ಈಶ್ವರನನ್ನು ಹಾಡಿದ್ದಾರೆ. ಕಡಲಾಚೆ ತಿರುಕೋಣಮಲೆಯ ಬಂಡೆಯ ಮೇಲಿರುವ ಕೋಣೇಶ್ವರನನ್ನೂ ಹಾಡಿದ್ದಾರೆ. ಇನ್ನೊಂದು ಸಂಬಂಧವೂ ಇದೆ. ಕಪಾಲೀಶ್ವರನ ಹಳೆಯ ಗುಡಿ ಸಾಂತೋಮಿನ ಬಳಿ ಕಡಲ ದಂಡೆಯಲ್ಲಿತ್ತೆಂದೂ ಪೋರ್ಚುಗೀಸರ ಕಾಲದಲ್ಲಿ ಅದು ಹಾಳಾಗಿ, ಈಗಿನದು ಒಳಗೆ ಬಂದು ಕಟ್ಟಿದ್ದೆಂದೂ ಹೇಳುತ್ತಾರೆ. ಕೋಣೇಶ್ವರನ ಗುಡಿಯನ್ನೂ ಹದಿನೇಳನೆಯ ಶತಮಾನದಲ್ಲಿ ಅದೇ ಪೋರ್ಚುಗೀಸರೇ ಕೆಡವಿ ಅದರ ಕಲ್ಲುಗಳನ್ನು ಕೋಟೆಗೆ ಬಳಸಿದರು. ಈಗಿನದು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಎದ್ದದ್ದು. ಇದೆಲ್ಲವನ್ನೂ ಅಮ್ಮನಿಗೆ ಹೇಳಿದವರು ಅಪ್ಪ. "ಒಂದು ಸಲ ಕರೆದುಕೊಂಡು ಹೋಗಿ ತೋರಿಸುತ್ತೇನೆ" ಎಂದೂ ಹೇಳಿದ್ದರಂತೆ. 1983ರಲ್ಲಿ ಅಲ್ಲಿ ಯುದ್ಧ ಹತ್ತಿಕೊಂಡಿತು. ಅದು ಮುಗಿದದ್ದು 2009ರಲ್ಲಿ. ಅಷ್ಟು ಹೊತ್ತಿಗೆ ಅಪ್ಪ ಇರಲಿಲ್ಲ.

ಪತ್ರಿಕೆಯನ್ನು ಮಡಚಿ ಅಮ್ಮ ಏನೂ ಹೇಳಲಿಲ್ಲ. ಮಾರನೆಯ ದಿನ ನೋಡಿದರೆ ದೇವರ ಗೂಡಿನಲ್ಲಿ ಅರಿಸಿನದ ಬಟ್ಟೆಯಲ್ಲಿ ಒಂದು ರೂಪಾಯಿ ಕಟ್ಟಿಟ್ಟಿದ್ದರು. ಅದನ್ನು ಕಂಡ ಮೇಲೆ ನಮ್ಮ ಮನೆಯಾಕೆ, "ಇನ್ನು ಲೆಕ್ಕ ಹಾಕುವುದಕ್ಕೆ ಶುರುಮಾಡಿ" ಎಂದಳು.

ಸರ್ಕಾರಿ ಗುಮಾಸ್ತನ ಪ್ರಯಾಣದಲ್ಲಿ ಮುಂಗಡವಾಗಿ ಗೊತ್ತುಮಾಡಬೇಕಾದ ಮೊದಲ ವಸ್ತು ಹಡಗಿನ ಕೊಠಡಿಯಲ್ಲ, ಕಚೇರಿಯ ಅಪ್ಪಣೆ. ಸ್ವಂತ ಖರ್ಚಿನಲ್ಲಿಯೇ ಹೋದರೂ ಪರದೇಶಕ್ಕೆ ಹೋಗುವುದಕ್ಕೆ ಅನುಮತಿ ಬೇಕು. ಅರ್ಜಿ ನಮ್ಮ ಮೇಜಿನಿಂದ ಹೊರಟು, ನಾಲ್ಕು ಮೇಜು ಸುತ್ತಿ, ಒಂದು ಸಣ್ಣ ಪ್ರಶ್ನೆಯೊಂದಿಗೆ ನಮ್ಮ ಮೇಜಿಗೇ ಹಿಂದಿರುಗಿ, ಉತ್ತರ ಹೊತ್ತು ಮತ್ತೆ ಹೊರಟಿತು. ಇಂಥ ಅರ್ಜಿಗಳನ್ನು ನಾವೇ ಎಷ್ಟು ಹಿಂದಿರುಗಿಸಿದ್ದೇವೋ, ಆದ್ದರಿಂದ ದೂರುವಂತಿಲ್ಲ. ಅದರ ಜೊತೆಗೇ ಪಾಸ್‌ಪೋರ್ಟು: ಮಗನಿಗೆ ಇರಲೇ ಇಲ್ಲ, ಅಮ್ಮನದು ಮುಗಿಯುವುದಕ್ಕೆ ಐದೇ ತಿಂಗಳಿತ್ತು. ಪ್ರಯಾಣದ ದಿನಕ್ಕೆ ಆರು ತಿಂಗಳಾದರೂ ಉಳಿದಿರಬೇಕೆಂಬುದು ಸಾಮಾನ್ಯವಾಗಿ ಎಲ್ಲ ಕಡೆಯ ನಿಯಮ. ಟಿಕೆಟಿಗೆ ದುಡ್ಡು ಕಟ್ಟುವ ಮುಂಚೆ ಮನೆಮಂದಿಯ ಪಾಸ್‌ಪೋರ್ಟುಗಳನ್ನೆಲ್ಲ ಮೇಜಿನ ಮೇಲೆ ಹರಡಿ ತಾರೀಖು ನೋಡಿ. ಕಟ್ಟಿದ ಮೇಲೆ ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ. ಕೈಗೂಸು ಇರುವವರೂ ಬಸುರಿಯರೂ ಇನ್ನೊಂದು ಮಾತು ತಿಳಿದಿರಬೇಕು. ಆರು ತಿಂಗಳು ತುಂಬದ ಮಗುವನ್ನೂ, ಇಪ್ಪತ್ತನಾಲ್ಕು ವಾರ ದಾಟಿದ ಗರ್ಭಿಣಿಯನ್ನೂ ಹೆಚ್ಚಿನ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ.

ಇನ್ನು ಏಜೆಂಟರ ಸಂಗತಿ. ಲಸ್ ಮೂಲೆಯಾಚೆ ಮಹಡಿಯ ಮೇಲಿನ ಒಂದು ಕೋಣೆ. ಅವರು ಟಿಕೆಟಿನ ಮಾತು ಮುಗಿಸುವ ಮುಂಚೆಯೇ ಇನ್ನೊಂದು ಹಾಳೆಯನ್ನು ಮುಂದೆ ಸರಿಸಿದರು. ಪಾನೀಯಗಳ ಕಟ್ಟು, ಇಂಟರ್‌ನೆಟ್ಟು, ಬೇರೆ ದುಡ್ಡು ಕೊಟ್ಟು ತಿನ್ನುವ ಚೀನೀ ಊಟ, ಮೈ ಉಜ್ಜಿಸಿಕೊಳ್ಳುವುದು, ಹುಟ್ಟುಹಬ್ಬಕ್ಕೆ ಕೊಠಡಿಯ ಅಲಂಕಾರ, ರೇವುಗಳಲ್ಲಿ ಇಳಿದು ಊರು ನೋಡುವ ಟೂರು. "ಈಗಲೇ ಮಾಡಿದರೆ ರಿಯಾಯಿತಿ ಸಾರ್, ಹಡಗಿನಲ್ಲಿ ಜಾಸ್ತಿ" ಎಂಬ ಪಲ್ಲವಿ ಪ್ರತಿ ಸಾಲಿಗೂ ಇತ್ತು. ಹಾಳೆ ಮನೆಗೆ ಬಂದಿತು. ಐದು ಜನರ ಮನೆಯಲ್ಲಿ ಆರು ಅಭಿಪ್ರಾಯಗಳಾದವು. ಆರನೆಯದು ಸಿಂಗಪುರದಿಂದ ಫೋನಿನಲ್ಲಿ ಬಂದ ನಮ್ಮ ಭಾವನದು. ಅವರು ಅಲ್ಲಿಂದ ದೊಡ್ಡ ಹಡಗುಗಳಲ್ಲಿ ಎರಡು ಸಲ ಹೋಗಿಬಂದವರು.

"ನೋಡು ಮಾರಾಯ," ಎಂದರು ಭಾವ, "ಹಡಗಿನಲ್ಲಿ ಎರಡು ಬಗೆ ಸರಕು. ಒಂದು ಇಂತಿಷ್ಟೇ ಎಂದು ಎಣಿಕೆಯಿರುವಂಥದು. ಇನ್ನೊಂದು ಎಷ್ಟು ಬೇಕಾದರೂ ಸಿಗುವಂಥದು. ಅಂಗಡಿಯವನು ನಿನಗೆ ಎರಡನೆಯದನ್ನು ಮೊದಲು ಮಾರುತ್ತಾನೆ. ನೀನು ಮೊದಲನೆಯದನ್ನು ಮೊದಲು ಹಿಡಿ."

ಈ ಮಾತು ನಮ್ಮ ತಲೆಯಲ್ಲಿ ನಿಂತಿತು, ಕೊಠಡಿಯ ಮಟ್ಟಿಗೆ ಅದರಂತೆಯೇ ನಡೆದೆವು ಕೂಡ. ಕೊಠಡಿಗಳಲ್ಲಿ ಸ್ಥೂಲವಾಗಿ ನಾಲ್ಕು ತರಗತಿ: ಕಿಟಕಿಯಿಲ್ಲದ ಒಳಕೋಣೆ, ಕಿಟಕಿಯುಳ್ಳದ್ದು, ಬಾಲ್ಕನಿಯುಳ್ಳದ್ದು, ಅದರ ಮೇಲೆ ಸೂಟು. ಜನರೆಲ್ಲ ತರಗತಿಯ ಮೇಲೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ವಾಸ್ತವದಲ್ಲಿ ನೋಡಬೇಕಾದ್ದು ಅದು ಹಡಗಿನಲ್ಲಿ ಎಲ್ಲಿದೆ, ಒಳಗೆ ಮಂಚ ಹೇಗಿದೆ ಎಂಬುದು. ಮಕ್ಕಳು ಏರಿಳಿದಾಡುವ ಹಲಗೆಯ ನಡುವೆ ಕುಳಿತವನಿಗೆ ಕುಲುಕು ಕಡಿಮೆಯಷ್ಟೆ? ಹಾಗೆಯೇ ಹಡಗಿನ ಉದ್ದದ ನಡುಭಾಗದಲ್ಲಿ, ಕೆಳ ಅಂತಸ್ತುಗಳಲ್ಲಿ ತೂಗಾಟ ಕಡಿಮೆ. ಮೂತಿಯ ಕಡೆಯಲ್ಲಿ, ಮೇಲಕ್ಕೆ ಹೋದಷ್ಟೂ ಹೆಚ್ಚು. ಈಜುಕೊಳದ ಅಂತಸ್ತಿನ ನೇರ ಕೆಳಗೂ ನಾಟಕಶಾಲೆಯ ನೇರ ಮೇಲೂ ಬೇಡ. ಕುರ್ಚಿ ಎಳೆಯುವ ಸದ್ದು, ಡೋಲಿನ ಸದ್ದು. ಮೂರನೆಯ, ನಾಲ್ಕನೆಯ ಮಲಗುವ ಜಾಗವೆಂದು ತೋರಿಸುವುದು ಬಹುಪಾಲು ಗೋಡೆಯಿಂದ ಇಳಿಬಿಡುವ ಮೇಲಿನ ಹಲಗೆ. ರೈಲಿನ ಅಪ್ಪರ್ ಬರ್ತ್ ಎಂದುಕೊಳ್ಳಿ. ಮೊಣಕಾಲು ನೋಯುವ ಅಮ್ಮನಿಗೆ ಅದು ಆಗದು. ಆದ್ದರಿಂದ ಒತ್ತೊತ್ತಾಗಿ ಎರಡು ಕೊಠಡಿ: ಒಂದರಲ್ಲಿ ಅಮ್ಮ, ಮಗಳು, ಕೆಳಗೇ ಎರಡು ಮಂಚ, ಇನ್ನೊಂದರಲ್ಲಿ ನಾವು, ಮನೆಯಾಕೆ, ಆರು ವರ್ಷದ ಮಗ. ಮಗ ಮಾತ್ರ ಮೇಲಿನ ಹಲಗೆಗಾಗಿಯೇ ಬಂದವನಂತೆ ಇದ್ದ. ಗಾಲಿಕುರ್ಚಿ ನುಗ್ಗುವಷ್ಟು ಅಗಲ ಬಾಗಿಲಿನ ಕೊಠಡಿಗಳು ಯಾವ ಹಡಗಿನಲ್ಲಾದರೂ ಬೆರಳೆಣಿಕೆ. ಮನೆಯಲ್ಲಿ ಅಂಥವರಿದ್ದರೆ ಉಳಿದ ಯಾವ ಚರ್ಚೆಯೂ ಬೇಡ, ಮೊದಲು ಅದನ್ನು ಹಿಡಿಯಿರಿ. "ಕೊಠಡಿಯ ನಂಬರು ಆಮೇಲೆ ಕೊಡುತ್ತೇವೆ, ದುಡ್ಡು ಕಡಿಮೆ" ಎಂಬ ಬಗೆಯ ಟಿಕೆಟೂ ಉಂಟು. ಒಂಟಿ ಪ್ರಯಾಣಿಕನಿಗೆ ಅದು ಲಾಭ. ಮುದುಕರು ಮಕ್ಕಳು ಇರುವ ಸಂಸಾರಕ್ಕೆ, ಅಜ್ಜಿ ಒಂದು ಅಂತಸ್ತಿನಲ್ಲಿ ಮೊಮ್ಮಗಳು ಇನ್ನೊಂದರಲ್ಲಿ.

ಎಡಬದಿಯೋ ಬಲಬದಿಯೋ ಎಂಬುದನ್ನು ನಾವು ಕೇಳಲಿಲ್ಲ. ಸಾಧಾರಣವಾಗಿ ಕೇಳಬೇಕಾದ್ದೂ ಇಲ್ಲ.

ಊಟದ ಹೊತ್ತನ್ನೂ ಮುಂಚೆಯೇ ಹೇಳಬೇಕು. ದೊಡ್ಡ ಹಡಗುಗಳ ಮುಖ್ಯ ಭೋಜನಶಾಲೆಯಲ್ಲಿ ರಾತ್ರಿಯೂಟಕ್ಕೆ ಎರಡು ಪಂಕ್ತಿ ಇರುವುದು ವಾಡಿಕೆ, ಮೊದಲನೆಯದು, ತಡವಾದದ್ದು. ನಾವು ಮೊದಲ ಪಂಕ್ತಿ ಬರೆಸಿದೆವು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟವೆಂದು ವಿವರಿಸುವುದಕ್ಕಿಂತ 'ಜೈನ ಊಟ' ಎಂದರೆ ಎಲ್ಲರಿಗೂ ಅರ್ಥವಾಗುತ್ತದೆಂದು ಭಾವ ಹೇಳಿದರು. ಹಾಗೆಯೇ ಬರೆಸಿದೆವು, ಈರುಳ್ಳಿಯ ಜೊತೆಗೆ ಅಮ್ಮನ ಪ್ರೀತಿಯ ಆಲೂಗೆಡ್ಡೆಯೂ ಹೋಯಿತು. ಮನೆಯಲ್ಲಿ ಮಾಡಿದ ತಿಂಡಿಯನ್ನು ಹೆಚ್ಚಿನ ಹಡಗುಗಳು ಒಳಗೆ ಬಿಡುವುದಿಲ್ಲ. ಇದು ತಿಳಿದದ್ದು ಅಮ್ಮ ಒಂದು ಡಬ್ಬಿ ಕೋಡುಬಳೆ ಕರಿದು ಮುಗಿಸಿದ ಮೇಲೆ. ಆ ಡಬ್ಬಿ ಪಕ್ಕದ ಮನೆಯ ಮಾಮಿಗೆ ಹೋಯಿತು.

ಹಿಂದೆ ಇದೇ ರೇವಿನಿಂದ ಹೋಗುತ್ತಿದ್ದ ಹಡಗುಗಳ ರೀತಿಯೇ ಬೇರೆ. 'ರಾಜುಲಾ' ಎಂಬುದು 1926ರಲ್ಲಿ ಕಟ್ಟಿದ ಹಡಗು. 1970ರ ದಶಕದ ಮೊದಲವರೆಗೂ ಮದರಾಸು, ನಾಗಪಟ್ಟಣ, ಪಿನಾಂಗು, ಸಿಂಗಪುರ ಎಂದು ಓಡಾಡುತ್ತಿತ್ತು. ಅದರ ಬಹುಪಾಲು ಪ್ರಯಾಣಿಕರಿಗೆ ಕೊಠಡಿಯೆಂಬುದೇ ಇರಲಿಲ್ಲ. ಡೆಕ್ಕಿನ ಮೇಲೆ ಚಾಪೆ ಹಾಸಿದರೆ ಅದೇ ಮನೆ; ಹಾಸುವ ಜಾಗವನ್ನು ಮೊದಲು ಓಡಿಹೋಗಿ ಹಿಡಿದವನಿಗೆ ಜಾಗ. ಎಣಿಕೆಯಿರುವುದನ್ನು ಮೊದಲು ಹಿಡಿಯಬೇಕೆಂಬ ಭಾವನ ಶಾಸ್ತ್ರ ಅವರಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು.

ಈಗಿನ ಅತಿ ದೊಡ್ಡ ಹಡಗುಗಳಲ್ಲಿ ಈ ಶಾಸ್ತ್ರ ಇನ್ನೂ ಬಿಗಿ. 2024ರಲ್ಲಿ ಅಮೆರಿಕದ ಮಯಾಮಿಯಿಂದ ಹೊರಟ 'ಐಕಾನ್ ಆಫ್ ದಿ ಸೀಸ್' ನಮ್ಮ ಎಂಪ್ರೆಸ್ಸಿನ ಐದರಷ್ಟು, 2,48,000 ಟನ್ನಿಗೂ ಮೇಲೆ. ಇಪ್ಪತ್ತು ಅಂತಸ್ತು, ಏಳು ಸಾವಿರಕ್ಕೂ ಹೆಚ್ಚು ಜನ ಹಿಡಿಸುತ್ತಾರೆ. ಅಂಥಲ್ಲಿ ದುಡ್ಡಿಲ್ಲದೆ ನೋಡುವ ಆಟಗಳಿಗೂ ಹೆಸರು ಬರೆಸಬೇಕು. ಪುಕ್ಕಟೆಯಾದ್ದರಿಂದ ಯಾವಾಗ ಬೇಕಾದರೂ ಸಿಕ್ಕೀತೆಂದು ನಾವು ತಿಳಿಯುತ್ತೇವೆ. ಪುಕ್ಕಟೆಯಾದ್ದರಿಂದಲೇ ಮೊದಲು ತುಂಬುವುದು ಅದು. ಮಕ್ಕಳು ಅಮೆರಿಕದಲ್ಲೋ ಸಿಂಗಪುರದಲ್ಲೋ ಇದ್ದು ಅಪ್ಪ ಅಮ್ಮನಿಗೆ ಟಿಕೆಟು ತೆಗೆಸುವವರು ಇದನ್ನು ಗಮನಿಸಬೇಕು.

ಎಷ್ಟು ಬೇಕಾದರೂ ಸಿಗುವಂಥದರ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಪಾನೀಯಗಳ ಕಟ್ಟು ಕುಡಿಯುವವರ ಲೆಕ್ಕ; ನಮ್ಮಂಥವರಿಗೆ ನಷ್ಟವೇ. ಇಂಟರ್‌ನೆಟ್ಟು ಆಕಾಶದ ಉಪಗ್ರಹದಿಂದ ಬರುವುದರಿಂದ ತುಟ್ಟಿ. ಬೇಕೆನಿಸಿದರೆ ಅಲ್ಲಿಯೇ ಕೊಳ್ಳಬಹುದು. ಆದರೆ ಹಡಗು ದಂಡೆ ಬಿಡುತ್ತಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಇಲ್ಲದಿದ್ದರೆ ಅದು ತಾನಾಗಿಯೇ ಹಡಗಿನ ಗೋಪುರವನ್ನು ಹಿಡಿದು, ನೀವು ಒಂದು ಮಾತೂ ಆಡದೆ ಬಿಲ್ಲು ಏರಬಹುದು. ವಿಮೆ ಮಾತ್ರ ಮುಂಚೆಯೇ ಮಾಡಿಸಬೇಕಾದ್ದು. ಹಡಗಿನ ವೈದ್ಯರು ಕೈ ಹಿಡಿದು ನೋಡಿದರೂ ದುಡ್ಡು, ಇಲ್ಲಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಪರದೇಶದಲ್ಲಿ ನಡೆಯುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದುದನ್ನು ಅರ್ಜಿಯಲ್ಲಿ ಮುಚ್ಚಿಡಬಾರದು. ಮುಚ್ಚಿಟ್ಟರೆ ಬೇಕಾದ ದಿನ ವಿಮೆಯೇ ಮುಚ್ಚಿಕೊಳ್ಳುತ್ತದೆ.

ಉಳಿದವು ಎರಡು ಸಾಲು: ಚೀನೀ ಊಟ, ತಿರುಕೋಣಮಲೆಯ ಟೂರು. ತಪ್ಪಿದ್ದು ಇಲ್ಲಿ.

ಚೀನೀ ಊಟ ಮಕ್ಕಳ ಹಟ. ರಿಯಾಯಿತಿ ಇದೆಯಲ್ಲ ಎಂದು ಬರೆಸಿದೆವು. ಟೂರಿನ ಮುಂದೆ ಬರೆದಿದ್ದ ಮೊತ್ತವನ್ನು ಐದರಿಂದ ಗುಣಿಸಿ ನೋಡಿದಾಗ ಕೈ ಹಿಂದೆ ಬಂತು. "ಅಲ್ಲಿಯವರಾಡುವುದೂ ತಮಿಳೇ. ಮೈಲಾಪುರದಲ್ಲಿ ಇಷ್ಟು ವರ್ಷ ಆಟೋದವರ ಹತ್ತಿರ ಚೌಕಾಸಿ ಮಾಡಿದವರಿಗೆ ತಿರುಕೋಣಮಲೆಯ ಆಟೋ ಕಷ್ಟವೇ?" ಎಂದೆವು. ಭಾವ ಫೋನಿನಲ್ಲಿ ಮತ್ತೆ ಹೇಳಿದರು, "ಟೂರಿನ ಬಸ್ಸಿನಲ್ಲಿಯೂ ಸೀಟು ಎಣಿಕೆ, ಮಾರಾಯ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನಿನ್ನ ಆಟೋ ತಡವಾದರೆ ಕಾಯುವುದಿಲ್ಲ." ಸಿಂಗಪುರದ ಸಂಬಳದವರ ಮಾತು ಎಂದುಕೊಂಡು ನಾವು ಸುಮ್ಮನಾದೆವು. ಅಮ್ಮನ ಒಬ್ಬರ ಟಿಕೆಟಾದರೂ, ಜೊತೆಗೆ ನಮ್ಮದಾದರೂ ತೆಗೆಯಬಹುದಿತ್ತು; ಐದು ಜನವೆಂದರೆ ಐದೂ ಜನ ಎಂದೇ ಲೆಕ್ಕ ಹಾಕಿದ್ದೆವು.

ಹೊರಟ ದಿನದ ವರ್ಣನೆಯನ್ನು ಚಿಕ್ಕದಾಗಿ ಮುಗಿಸುತ್ತೇವೆ. ಕಡಲ ದಂಡೆಯ ಕಾಮರಾಜ ರಸ್ತೆಯುದ್ದಕ್ಕೂ ಟ್ಯಾಕ್ಸಿಯಲ್ಲಿ ಹೋಗುವಾಗ ಮೆರಿನಾ ಬಲಗಡೆ ಹಿಂದೆ ಸರಿಯುತ್ತಿತ್ತು. ಸಂಜೆ ಹಡಗಿನ ಮೇಲಿನಿಂದ ಅದೇ ದಂಡೆ ದೀಪದ ಸಾಲಾಗಿ ಕಂಡಿತು. "ನಮ್ಮ ಗೋಪುರ ಕಾಣುತ್ತದೆಯೇ?" ಎಂದು ಅಮ್ಮ ಕೇಳಿದರು. ಕಾಣಲಿಲ್ಲ. ಕೊಠಡಿಗಳು ಸರಿಯಾಗಿ ಒತ್ತೊತ್ತಾಗಿದ್ದವು. ತೂಗಾಟ ಅಮ್ಮನನ್ನು ಬಾಧಿಸಲಿಲ್ಲ, ನಮ್ಮನ್ನು ಬಾಧಿಸಿತು. ಚೀನೀ ಊಟದ ರಾತ್ರಿ ಅಮ್ಮ ಮೊದಲ ಪಂಕ್ತಿಯಲ್ಲಿ ಮೊಸರನ್ನ ಮುಗಿಸಿ ಬಂದು ನಮ್ಮ ಮೇಜಿನಲ್ಲಿ ನೀರು ಕುಡಿಯುತ್ತ ಕುಳಿತರು. ಮಕ್ಕಳು ನೂಡಲ್ಸನ್ನು ಅರ್ಧ ತಿಂದು ಅರ್ಧ ಬಿಟ್ಟರು.

ತಿರುಕೋಣಮಲೆಯ ದಿನ ಅಮ್ಮ ನಸುಕಿನಲ್ಲಿಯೇ ಸ್ನಾನ ಮಾಡಿ, ಅರಿಸಿನದ ಗಂಟನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಸಿದ್ಧರಾಗಿದ್ದರು. ಆದರೆ ಸಾವಿರಾರು ಜನ ಒಟ್ಟಿಗೆ ಇಳಿಯಲಾರರು. ಟೂರಿನವರನ್ನು ತಂಡತಂಡವಾಗಿ ಮೊದಲು ಕರೆಯುತ್ತಾರೆ, ಅದು ನ್ಯಾಯವೇ, ಉಳಿದವರು ಆಮೇಲೆ. ಲಿಫ್ಟಿನ ಮುಂದೆ ಸಾಲು, ಕಾಗದ ತೋರಿಸುವಲ್ಲಿ ಸಾಲು. ಮಗನಿಗೆ ನಡುವೆ ಹೊಟ್ಟೆನೋವು. ನಾವು ನೆಲದ ಮೇಲೆ ಕಾಲಿಟ್ಟಾಗ ಹನ್ನೊಂದು ದಾಟಿತ್ತು. ಆಟೋ ಸಿಗುವುದು ರೇವಿನ ಗೇಟಿನ ಹೊರಗೆ, ಗೇಟು ಬಿಸಿಲಿನಲ್ಲಿ ದೂರ. ಅಮ್ಮ ಮಗಳ ಭುಜ ಹಿಡಿದು ಅರ್ಧ ದಾರಿ ನಡೆದರು. ಎದುರಿಗೆ ಬಂದ ಸಿಬ್ಬಂದಿಯೊಬ್ಬರನ್ನು ಕೇಳಿದರೆ, ಗುಡಿಯ ಬಾಗಿಲು ಹಾಕುವ ಹೊತ್ತಾಯಿತು, ಇನ್ನು ಸಂಜೆಗೇ ಎಂದರು. ನಮ್ಮ ಕಪಾಲೀಶ್ವರನೂ ಮಧ್ಯಾಹ್ನ ಬಾಗಿಲು ಹಾಕಿಕೊಂಡು ನಾಲ್ಕಕ್ಕೆ ತೆರೆಯುವವನು. ದಿನಾ ಕಂಡ ಸಂಗತಿ ನಮ್ಮ ತಲೆಗೆ ಹೊಳೆದಿರಲಿಲ್ಲ. ಸಂಜೆ ಬಾಗಿಲು ತೆರೆಯುವ ಹೊತ್ತಿಗೆ ನಾವು ಹಡಗಿನೊಳಗಿರಬೇಕು.

"ನೀವು ಮಕ್ಕಳನ್ನು ಕರಕೊಂಡು ಊರು ನೋಡಿ ಬನ್ನಿ. ನನ್ನ ಕಾಲು ಇಷ್ಟೇ" ಎಂದರು ಅಮ್ಮ. ಯಾರೂ ಹೋಗಲಿಲ್ಲ. ಹಿಂದಿರುಗುವಾಗ ಬೆಳಗಿನ ಟೂರಿನ ಬಸ್ಸೊಂದು ನಮ್ಮ ಪಕ್ಕದಲ್ಲಿಯೇ ಹಾದುಹೋಯಿತು. ಕಿಟಕಿಗಳಲ್ಲಿ ವಿಭೂತಿ ಹಚ್ಚಿದ ಹಣೆಗಳು. ಅದರಲ್ಲಿ ಒಬ್ಬ ಮುದುಕಿ ಅಮ್ಮನ ವಯಸ್ಸಿನವರೇ. ಆಕೆ ಅಮ್ಮನನ್ನು ನೋಡಿ ನಕ್ಕರು. ಅಮ್ಮನೂ ನಕ್ಕರು. ಮನೆಯಾಕೆ ನಮ್ಮ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ಹಗುರವಾಗುತ್ತಿತ್ತು.

ಸಂಜೆ ಹಡಗು ಹೊರಟಿತು. ತಿರುಕೋಣಮಲೆಯಿಂದ ಬಡಗಣಕ್ಕೆ ತಿರುಗಿದರೆ ದಂಡೆ ಇರುವುದು ಎಡಗಡೆ. ನಮ್ಮ ಎರಡೂ ಕಿಟಕಿಗಳು ಬಲಗಡೆ. ಅಮ್ಮನನ್ನು ಮೇಲಿನ ಅಂತಸ್ತಿಗೆ ಕರೆದೊಯ್ದು ಎಡಬದಿಯ ಕಟಕಟೆಯ ಹತ್ತಿರ ಒಂದು ಕುರ್ಚಿ ಹಾಕಿ ಕೂರಿಸಿದೆವು. ನೀರಿನಿಂದ ನೆಟ್ಟಗೆ ಎದ್ದ ಬಂಡೆ. ಅದರ ತಲೆಯ ಮೇಲೆ ಕಡ್ಡಿಯಷ್ಟು ಗೋಪುರ. ಬಾಗಿಲು ತೆರೆದಿರಬೇಕು, ಪೂಜೆಯ ಹೊತ್ತು. ಇಷ್ಟು ದೂರಕ್ಕೆ ಗಂಟೆ ಕೇಳುವುದಿಲ್ಲ. ಅಮ್ಮ ಕೈ ಮುಗಿದು ಬಹಳ ಹೊತ್ತು ಕುಳಿತರು. ಮಗಳು ಮೆಲ್ಲಗೆ, "ಅಜ್ಜಿ, ಆ ರೂಪಾಯಿಯನ್ನು ಸಮುದ್ರಕ್ಕೆ ಹಾಕಿಬಿಡು, ಅವನಿಗೇ ಸೇರುತ್ತದೆ" ಎಂದಳು. "ಹಾಕುವುದೇಕೆ? ಹುಂಡಿಗೇ ಹಾಕಬೇಕು" ಎಂದು ಅಮ್ಮ ಸೆರಗನ್ನು ಬಿಗಿಮಾಡಿಕೊಂಡರು.

ಗಂಟು ಮತ್ತೆ ದೇವರ ಗೂಡಿನಲ್ಲಿದೆ. ಮೊನ್ನೆ ಭಾವ ಫೋನ್ ಮಾಡಿದಾಗ ಅಮ್ಮ ತಾವೇ ತೆಗೆದುಕೊಂಡು, ಕುಶಲ ಕೇಳುವ ಮುಂಚೆಯೇ, "ಆ ಬಸ್ಸಿಗೆ ಎಷ್ಟು ತಿಂಗಳು ಮುಂಚೆ ಬರೆಸಬೇಕಂತೆ, ಕೇಳಿ ಹೇಳಿ" ಎಂದರು.